ಸಮುದ್ರ ಇಲ್ಲದಿದ್ದರೇನು, ಕೆರೆ ದಂಡೆ ಇದೆಯಲ್ಲ


ತುಮಕೂರಿಂದ ಮಂಗಳೂರಿನ ಕಡಲಿಗೆ ಸುಮಾರು 300 ಕಿ.ಮೀ. ಮನೆಮಂದಿಯೆಲ್ಲಾ ಹೋಗಿಬರೋ ಬಸ್ ಚಾರ್ಜು ಯಾರು ಕೊಡ್ತಾರೆ? ನಮಗೆ ಕೆರೆಗಳಿವೆ. ಗುಬ್ಬಿ ಕಡೆಯವರಿಗೆ ಕಡಬದ ಕೆರೆ, ಕುಣಿಗಲ್ಲಿನವರಿಗೆ ದೊಡ್ಡಕೆರೆ. ಬುತ್ತಿ ಕಟ್ಟಿಕೊಂಡರೆ ಆಯಿತು.

ಆಟಕ್ಕೆ ಖರ್ಚಿಲ್ಲ. ಒದ್ದೆ ಮರಳಲ್ಲಿ ಪಾದ ಹುದುಗಿಸಿ, ಮೇಲೆ ತಟ್ಟಿ, ಮೆಲ್ಲಗೆ ಕಾಲು ಎಳೆದರೆ ಗುಬ್ಬಿಗೂಡು. ಒಣಮರಳಾದರೆ ಕುಸಿಯುತ್ತೆ, ಯಾಕೆಂದರೆ ಕಣಗಳನ್ನು ಹಿಡಿದಿಡೋದು ನೀರೇ. ಚಪ್ಪಟೆ ಹೆಂಚಿನ ಚೂರನ್ನು ಓರೆಯಾಗಿ ಬೀಸಿದರೆ ನೀರ ಮೇಲೆ ಕುಪ್ಪಳಿಸುತ್ತೆ. ಇದರಲ್ಲಿ ಅಪ್ಪಂದಿರೇ ಮುಂದೆ! ಅಜ್ಜಿಗೆ ಬಂಡೆ ಮೇಲೆ ಚೌಕಾಬಾರ ಬರೆದುಕೊಟ್ಟರೆ ಸಂಜೆವರೆಗೂ ಏಳೋದಿಲ್ಲ.

ಆದರೆ ಮಾರ್ಕೋನಹಳ್ಳಿ ವಿಷಯ ಬೇರೆ. ಶಿಂಷಾ ನದಿಗೆ ಕಟ್ಟಿರುವ ಈ ಅಣೆಕಟ್ಟಿನಲ್ಲಿ ಸೈಫನ್ ಇದೆ. ಡ್ರಮ್ಮಿಗೆ ಪೈಪು ಇಟ್ಟು ಒಮ್ಮೆ ಉಸಿರೆಳೆದರೆ ನೀರು ತಾನೇ ಸುರಿಯುತ್ತಲ್ಲ, ಹಾಗೆ. ಇಲ್ಲಿ ಎಳೆಯೋರೂ ಬೇಡ. ನೀರು ಒಂದು ಮಟ್ಟ ಮುಟ್ಟಿದರೆ ಒಳಗಿನ ಗಾಳಿ ಹೊರಟುಹೋಗಿ, ಗೇಟು ಎತ್ತೋರಿಲ್ಲದೆಯೇ ಒಮ್ಮೆಗೇ ಧುಮುಕುತ್ತೆ. ನಮ್ಮ ತಲೆ ಮೇಲೆ ಬಿಸಿಲಿದ್ದರೂ ಸರಿ, ಮೇಲ್ಗಡೆ ಮಳೆಯಾಗಿದ್ದರೆ ಸಾಕು. 2025ರ ಅಕ್ಟೋಬರ್‌ನಲ್ಲಿ ಕೆಳಗಡೆ ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಹೀಗೇ ಕೊಚ್ಚಿಹೋದರು. ಅವರಲ್ಲಿ ಮಕ್ಕಳೂ ಇದ್ದರು.

ಕೆರೆಯಲ್ಲೂ ಅಷ್ಟೆ, ಹೂಳು ತೆಗೆದ ಗುಂಡಿಗಳು ನೀರು ತುಂಬಿದ ಮೇಲೆ ಕಾಣೋದಿಲ್ಲ. ಅದಕ್ಕೇ ನಮ್ಮಮ್ಮ ದಂಡೆ ಮುಟ್ಟಿದ ಕೂಡಲೇ ಕೋಲಿನಿಂದ ಒಂದು ಗೆರೆ ಎಳೀತಾಳೆ. ಗೆರೆ ದಾಟಿದವರಿಗೆ ಕಡ್ಲೆಪುರಿ ಇಲ್ಲ, ಅಪ್ಪನಿಗೂ ಇಲ್ಲ.