ರಕ್ತದ ಚೀಟಿಯಲ್ಲಿ ‘ಪಾಸಿಟಿವ್’: ಯಾವ ಸಾಲಿನಲ್ಲಿ ನೋಡಿದಿರಿ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜನಕ್ಕೆ ‘ಪಾಸಿಟಿವ್’ ಎಂಬ ಇಂಗ್ಲಿಷ್ ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ. 2000ದ ದಶಕದ ಮೊದಲ ವರ್ಷಗಳಲ್ಲಿ ಎಚ್‌ಐವಿ ಲೆಕ್ಕದಲ್ಲಿ ಬಾಗಲಕೋಟೆ ಜಿಲ್ಲೆಯ ಹೆಸರು ರಾಜ್ಯದಲ್ಲೇ ಮುಂದಿನ ಸಾಲಿನಲ್ಲಿತ್ತು. ಭಾರತ-ಕೆನಡಾ ಯೋಜನೆಯವರು ಈ ಜಿಲ್ಲೆಯ ಹಳ್ಳಿಗಳನ್ನೇ ಆರಿಸಿಕೊಂಡು ಕೆಲಸ ಮಾಡಿದರು. ಅಂದಿನಿಂದ ಆ ಶಬ್ದ ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿ ತಾಟು-ತಂಬಿಗೆ ಬೇರೆಯಾಗುತ್ತವೆ. ಈಗ ಅದೇ ಹೆದರಿಕೆಯಿಂದ ಜನ ಇನ್ನೊಂದು ಚೀಟಿ ಓದುತ್ತಿದ್ದಾರೆ. ಅದು ಹೆಪಟೈಟಿಸ್-ಬಿ ಚೀಟಿ.

ಈ ಚೀಟಿ ಬಹಳ ಮಂದಿಗೆ ಕೇಳದೇ ಬರುತ್ತದೆ. ಶಿಬಿರದಲ್ಲಿ ರಕ್ತ ಕೊಟ್ಟು, ಬಿಸ್ಕೀಟು ತಿಂದು ಬಂದ ಹುಡುಗನಿಗೆ ರಕ್ತನಿಧಿಯಿಂದ ಫೋನು ಬರುತ್ತದೆ. ಆಪರೇಶನ್ನಿಗೆ ಹೋದವರಿಗೆ ಮೊದಲು ರಕ್ತ ನೋಡುತ್ತಾರೆ. ಬಸುರಿ ಹೆಂಗಸರಿಗೂ ನೋಡುತ್ತಾರೆ. ಮೈಯಲ್ಲಿ ಜಡ್ಡಿಲ್ಲ, ಕಣ್ಣು ಹಳದಿಯಿಲ್ಲ. “ನಾ ಅರಾಮ ಅದೀನಲ್ರೀ, ಇದೆಲ್ಲಿ ಬ್ಯಾನಿ?” ಅಂತ ಕೇಳುವುದು ಸಹಜವೇ. ಆಮೇಲೆ ಒಬ್ಬ ಕಾಮಣಿಗೆ ಬೇರು ಕೊಡುವವರ ಕಡೆ ಓಡುತ್ತಾನೆ, ಇನ್ನೊಬ್ಬ ಚೀಟಿ ಮಡಚಿ ಟ್ರಂಕಿನ ತಳಕ್ಕೆ ಹಾಕುತ್ತಾನೆ. ಎರಡರಿಂದಲೂ ಉಪಯೋಗವಿಲ್ಲ.

ಅಂಗಡಿಕಾರರಿಗೆ ಗೊತ್ತು: ಅದೇ ನೂರು ರೂಪಾಯಿ ಜಮಾ ಬದಿಗೆ ಬಿದ್ದರೆ ಒಂದು ಅರ್ಥ, ಖರ್ಚಿನ ಬದಿಗೆ ಬಿದ್ದರೆ ಇನ್ನೊಂದು. ರಕ್ತದ ಚೀಟಿಯೂ ಹಾಗೇ. ಪಾಸಿಟಿವ್ ಅಥವಾ ‘ರಿಯಾಕ್ಟಿವ್’ ಅನ್ನುವುದು ಯಾವ ಸಾಲಿನಲ್ಲಿದೆ ಅನ್ನುವುದೇ ಮುಖ್ಯ.

ಮೊದಲ ಸಾಲು ಎಚ್‌ಬಿಎಸ್‌ಎಜಿ. ಇದು ವೈರಸ್ಸಿನ ಮೇಲಂಗಿ. ಅಂಗಿ ಸಿಕ್ಕಿತು ಅಂದರೆ ಆಸಾಮಿ ಮನೆಯೊಳಗೇ ಇದ್ದಾನೆ ಅಂತ ತಿಳಿಯಬೇಕು. ಕೆಲವು ಲ್ಯಾಬಿನವರು ಇದನ್ನು ‘ಆಸ್ಟ್ರೇಲಿಯಾ ಆಂಟಿಜೆನ್’ ಎಂದು ಬರೆಯುತ್ತಾರೆ. ಆಸ್ಟ್ರೇಲಿಯಾದಿಂದ ಬಂದ ಬ್ಯಾನಿ ಅಂತ ಗಾಬರಿ ಬೇಡ. ಅಮೆರಿಕದ ವಿಜ್ಞಾನಿ ಬ್ಲಂಬರ್ಗ್ ಅದನ್ನು ಮೊದಲು ಕಂಡದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ, ಅದಕ್ಕೇ ಆ ಹೆಸರು. 1976ರಲ್ಲಿ ಅವರಿಗೆ ನೊಬೆಲ್ ಬಂತು.

ಎರಡನೆಯದು ಆಂಟಿ-ಎಚ್‌ಬಿಎಸ್. ಹೆಸರು ಸುಮಾರು ಒಂದೇ, ಅರ್ಥ ಪೂರ್ತಿ ಉಲ್ಟಾ. ಇದು ನಮ್ಮ ಮೈ ತಯಾರಿಸಿದ ಕಾವಲು. ಇಲ್ಲಿ ಅಂಕಿ 10 ಅಥವಾ ಮೇಲಿದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ಲಸಿಕೆ ಹಾಕಿಸಿಕೊಂಡವರಿಗೂ, ಬ್ಯಾನಿ ಬಂದು ಪೂರ್ತಿ ವಾಸಿಯಾದವರಿಗೂ ಇದು ಪಾಸಿಟಿವ್ ಬರುತ್ತದೆ. ಮೊದಲ ಸಾಲು ನೆಗೆಟಿವ್ ಇದ್ದು ಇದೊಂದೇ ಪಾಸಿಟಿವ್ ಇದ್ದರೆ ಸಂತೋಷಪಡಬೇಕೇ ಹೊರತು ಅಳಬಾರದು.

ಇವೆರಡರಲ್ಲಿ ಯಾರು ಅನ್ನುವುದನ್ನು ಮೂರನೆಯ ಸಾಲು ಹೇಳುತ್ತದೆ, ಆಂಟಿ-ಎಚ್‌ಬಿಸಿ. ಲಸಿಕೆಯಲ್ಲಿ ಇರುವುದು ಬರೀ ಮೇಲಂಗಿ, ಒಳಗಿನ ಆಸಾಮಿ ಇಲ್ಲ. ಹಾಗಾಗಿ ಬರೀ ಲಸಿಕೆ ತೆಗೆದುಕೊಂಡವರಲ್ಲಿ ಈ ಮೂರನೆಯದು ನೆಗೆಟಿವ್. ಪಾಸಿಟಿವ್ ಬಂದರೆ ನಿಜವಾದ ವೈರಸ್ ಎಂದಾದರೂ ಒಳಗೆ ಬಂದಿತ್ತು ಅಥವಾ ಈಗಲೂ ಇದೆ ಎಂದರ್ಥ. ಇದರಲ್ಲೇ ‘ಐಜಿಎಂ’ ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ಸೋಂಕು ಹೊಸದು. ಇನ್ನೊಂದು ಮಾತು: ಲಸಿಕೆ ಹಾಕಿಸಿಕೊಂಡ ಎರಡು-ಮೂರು ವಾರದೊಳಗೆ ರಕ್ತ ಕೊಟ್ಟರೆ ಆ ಮೇಲಂಗಿಯೇ ಸಿಕ್ಕು ಮೊದಲ ಸಾಲು ಸುಳ್ಳು ಪಾಸಿಟಿವ್ ಬರಬಹುದು. ಲ್ಯಾಬಿನವರಿಗೆ ಮೊದಲೇ ಹೇಳಿ.

ಮೊದಲ ಸಾಲೇ ಪಾಸಿಟಿವ್ ಬಂದರೆ? ಕಾರ್ಡಿನ ಮೇಲೆ ಹನಿ ಹಾಕಿ ನೋಡಿದ್ದಾದರೆ ಎಲೈಸಾದಂಥ ಪರೀಕ್ಷೆಯಿಂದ ಖಾತ್ರಿ ಮಾಡಿಸಬೇಕು. ಖಾತ್ರಿಯಾದ ಮೇಲೂ 6 ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ದೊಡ್ಡವರಾದ ಮೇಲೆ ತಗುಲಿದ್ದಾದರೆ ನೂರಕ್ಕೆ 95 ಮಂದಿಯಲ್ಲಿ ತಾನೇ ಹೋಗುತ್ತದೆ. 6 ತಿಂಗಳಾದರೂ ಹೋಗದಿದ್ದರೆ ಅದು ಠಿಕಾಣಿ ಹೂಡಿದೆ. ಆಗಲೂ ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ಎಸ್‌ಜಿಪಿಟಿ, ಎಚ್‌ಬಿಇಎಜಿ, ವೈರಸ್ ಎಷ್ಟಿದೆ ಎಂದು ಎಣಿಸುವ ಡಿಎನ್‌ಎ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಟೆನೊಫೊವಿರ್, ಎಂಟೆಕಾವಿರ್ ಎಂಬ ಗುಳಿಗೆಗಳಿವೆ. ಶುರು ಮಾಡಿದ ಮೇಲೆ “ಅರಾಮಾತು” ಅಂತ ತಾವೇ ಬಿಟ್ಟರೆ ಬ್ಯಾನಿ ತಿರುಗಿ ಕೆರಳುತ್ತದೆ. ಗುಳಿಗೆ ಬೇಡ ಅಂದವರೂ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು, ಯಾಕಂದರೆ ಲಿವರ್ ಒಳಗೊಳಗೇ ಕೆಡುತ್ತ ಹೋಗಬಹುದು, ಕ್ಯಾನ್ಸರಿಗೂ ತಿರುಗಬಹುದು. ಸಾರಾಯಿ ಮಾತ್ರ ಬಂದ್.

ಖರ್ಚಿನ ಚಿಂತೆಯವರಿಗೆ: 2018ರ ಜುಲೈ 28ರಂದು ಕೇಂದ್ರ ಸರ್ಕಾರ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಇದರಡಿ ಸರ್ಕಾರಿ ದವಾಖಾನೆಯಲ್ಲಿ ಪರೀಕ್ಷೆ, ಗುಳಿಗೆ ಪುಕ್ಕಟೆ. ತಾಲೂಕು ದವಾಖಾನೆಯಲ್ಲಿ ಕೇಳಿದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಇನ್ನು ಆ ಬೇರೆ ಇಟ್ಟ ತಾಟು. ಕುಡಿಯುವ ನೀರಿನಿಂದ ಬರುವ ಕಾಮಣಿ ಬೇರೆ, ಅದು ಎ ಮತ್ತು ಇ ತರಹದ್ದು. ಬಿ ಹರಡುವುದು ರಕ್ತದಿಂದ, ಸಂಭೋಗದಿಂದ, ತಾಯಿಯಿಂದ ಕೂಸಿಗೆ. ಒಂದೇ ತಾಟಿನಲ್ಲಿ ಉಂಡರೆ, ಒಂದೇ ಕಪ್ಪಿನಲ್ಲಿ ಚಾ ಕುಡಿದರೆ, ಬಸ್ಸಿನಲ್ಲಿ ಪಕ್ಕಕ್ಕೆ ಕೂತರೆ ಬರುವುದಿಲ್ಲ. ಅಂಜಬೇಕಾದದ್ದು ಒಮ್ಮೆ ಬಳಸಿದ ಸೂಜಿಗೆ, ಕಟಿಂಗ್ ಅಂಗಡಿಯ ಹಳೇ ಬ್ಲೇಡಿಗೆ, ಜಾತ್ರೆಯಲ್ಲಿ ಹಚ್ಚೆ ಹಾಕುವವನ ಸೂಜಿಗೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ ಈ ಬ್ಯಾನಿ ಹಬ್ಬಿ ಹತ್ತಾರು ಜನ ಸತ್ತರು.

ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಬಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಒಡಹುಟ್ಟಿದವರು ಎಲ್ಲ ರಕ್ತ ತೋರಿಸಬೇಕು. ಇಲ್ಲದವರು ಇಂದು, ತಿಂಗಳಿಗೆ, ಆರು ತಿಂಗಳಿಗೆ ಅಂತ ಮೂರು ಲಸಿಕೆ ಹಾಕಿಸಿಕೊಳ್ಳಬೇಕು. ಚೀಟಿ ಬಸುರಿ ಸೊಸೆಯದಾದರೆ ಅವಳನ್ನು ತವರಿಗೆ ಅಟ್ಟುವ ಹಿರಿಯರೂ ಇದ್ದಾರೆ. ಅವಳಿಗೆ ಅದು ಬಂದದ್ದು ಬಹಳ ಸಲ ತನ್ನ ತಾಯಿಯಿಂದ, ಹುಟ್ಟಿದ ದಿನವೇ. ಕೂಸಿಗೆ ಆಗಲೇ ತಗುಲಿದರೆ ನೂರಕ್ಕೆ 90ರಲ್ಲಿ ಜೀವನಪೂರ್ತಿ ಉಳಿಯುತ್ತದೆ. ಅದನ್ನು ತಡೆಯಲು ಕೂಸು ಹುಟ್ಟಿ 24 ತಾಸಿನೊಳಗೆ ಮೊದಲ ಲಸಿಕೆ, ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಸೂಜಿ ಬೀಳಬೇಕು. ಇವೆರಡೂ ಬಿದ್ದ ಕೂಸಿಗೆ ತಾಯಿ ಮೊಲೆ ಕುಡಿಸಬಹುದು. ಹೆರಿಗೆಗೆ ಹೋಗುವಾಗ ಆ ಚೀಟಿಯನ್ನು ಟ್ರಂಕಿನಿಂದ ತೆಗೆದು ನರ್ಸಿನ ಕೈಗೆ ಕೊಡಿ.