ಕಲ್ಲಿನ ಕಲ್ಪಗಳು

ನಮ್ಮ ಮನೆಗಳಲ್ಲಿ ಶುಭಕಾರ್ಯಕ್ಕೆ ಕುಳಿತವರು ಸಂಕಲ್ಪದ ವೇಳೆಯಲ್ಲಿ ಕಲ್ಪ, ಮನ್ವಂತರ, ಯುಗಗಳನ್ನು ಹೆಸರಿಸಿ, ಅಲ್ಲಿಂದ ಸಂವತ್ಸರ, ಮಾಸ, ಪಕ್ಷ, ತಿಥಿಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವರು. ಭೂವಿಜ್ಞಾನಿಗಳು ಪೃಥ್ವಿಯ ಚರಿತ್ರೆಯನ್ನು ವಿಭಾಗಿಸಿರುವ ಕ್ರಮವೂ ಒಂದರೊಳಗೊಂದು ಅಡಕವಾದ ಇಂಥದೇ ಸೋಪಾನಪಂಕ್ತಿಯಾದುದರಿಂದ, ಕಲ್ಪ, ಯುಗ ಎಂಬ ಪದಗಳು ಕನ್ನಡದಲ್ಲಿ ಅದಕ್ಕೆ ಸಹಜವಾಗಿಯೇ ಒದಗಿಬಂದಿವೆ: ಎಲ್ಲಕ್ಕೂ ಹಿರಿದಾದುದು ಮಹಾಕಲ್ಪ, ಅದರೊಳಗೆ ಕಲ್ಪ, ಕಲ್ಪದೊಳಗೆ ಯುಗ, ಯುಗದೊಳಗೆ ಉಪಯುಗ. ಆದರೆ ಒಂದು ಭೇದವುಂಟು. ಕಲಿಯುಗಕ್ಕೆ 4,32,000 ವರ್ಷ, ದ್ವಾಪರಕ್ಕೆ ಅದರ ಇಮ್ಮಡಿ ಎಂದು ಪುರಾಣದ ಯುಗಗಳು ಲೆಕ್ಕದೊಡನೆಯೇ ಹುಟ್ಟಿದವು. ಭೂವಿಜ್ಞಾನದ ಯುಗಗಳಾದರೋ ಹೆಸರು ಪಡೆದು ಮುಕ್ಕಾಲು ಶತಮಾನ ಕಳೆದರೂ ತಮ್ಮ ವಯಸ್ಸನ್ನು ಅರಿಯದೆ ಇದ್ದವು.

ವರ್ಷದ ಲೆಕ್ಕವಿಲ್ಲದೆ ಕಾಲವನ್ನು ವಿಭಾಗಿಸಿದುದು ಹೇಗೆ? ಕೆಳಗಿನ ಸ್ತರವು ಮೊದಲು ಸಂಚಯಗೊಂಡುದು, ಮೇಲಿನದು ಆಮೇಲಿನದು ಎಂಬ ಸರಳ ಸೂತ್ರವನ್ನು ಡೆನ್ಮಾರ್ಕಿನ ನಿಕೊಲಾಸ್ ಸ್ಟೀನೊ 1669ರಲ್ಲಿಯೇ ಸಾರಿದ್ದನು. ಆದರೆ ಇಲ್ಲಿಯ ಸುಣ್ಣಕಲ್ಲೂ ನೂರು ಮೈಲಿಯಾಚೆಯ ಸುಣ್ಣಕಲ್ಲೂ ಸಮಕಾಲೀನವೆಂದು ಹೇಳಲು ಆ ಸೂತ್ರವೊಂದೇ ಸಾಲದು. ಆ ಕೊರತೆಯನ್ನು ತುಂಬಿದವನು ಇಂಗ್ಲೆಂಡಿನಲ್ಲಿ ಕಾಲುವೆಗಳ ಮೋಜಣಿ ಮಾಡುತ್ತಿದ್ದ ವಿಲಿಯಂ ಸ್ಮಿತ್. ಕಲ್ಲಿದ್ದಲು ಸಾಗಿಸುವ ಕಾಲುವೆಗಾಗಿ ನೆಲವನ್ನು ಅಗೆಯಿಸುತ್ತ, ಒಂದೊಂದು ಪದರದಲ್ಲಿಯೂ ಅದಕ್ಕೇ ಮೀಸಲಾದ ಜೀವ್ಯವಶೇಷಗಳು ಇರುವುದನ್ನೂ, ಅವು ಎಲ್ಲಿ ಅಗೆದರೂ ಅದೇ ಅನುಕ್ರಮದಲ್ಲಿ ಕಾಣಬರುವುದನ್ನೂ ಅವನು ಕಂಡುಕೊಂಡನು. 1815ರಲ್ಲಿ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳ ಶಿಲಾಸ್ತರಗಳ ನಕಾಶೆಯನ್ನು ಪ್ರಕಟಿಸಿದನು. ಕಾಲಕ್ಕೆ ಚಿಪ್ಪುಗಳೇ ಸಾಕ್ಷಿಯೆಂದು ಒಪ್ಪಿದಂದಿನಿಂದ ಈ ಶಾಸ್ತ್ರಕ್ಕೆ ನಿಜವಾದ ಬುನಾದಿ ದೊರೆಯಿತೆಂದೇ ನನ್ನ ಅಭಿಪ್ರಾಯ.

ಯುಗಗಳ ನಾಮಕರಣವು ಒಂದು ಮಾನುಷ ಕಥೆ. ವೇಲ್ಸಿನ ಪುರಾತನ ಶಿಲೆಗಳನ್ನು ಶೋಧಿಸಹೊರಟ ಆಡಮ್ ಸೆಜ್‌ವಿಕ್ ಮತ್ತು ರಾಡರಿಕ್ ಮರ್ಚಿಸನ್ ಗಾಢ ಸ್ನೇಹಿತರು. ಸೆಜ್‌ವಿಕ್ ತಳದ ಸ್ತರಗಳಿಂದ ಮೇಲಕ್ಕೆ ಬಂದನು. ತನ್ನ ಯುಗಕ್ಕೆ ವೇಲ್ಸಿನ ಲ್ಯಾಟಿನ್ ಹೆಸರಿನಿಂದ ಕೇಂಬ್ರಿಯನ್ ಎಂದು ಹೆಸರಿಟ್ಟನು. ಮರ್ಚಿಸನ್ ಮೇಲಿನಿಂದ ಕೆಳಕ್ಕೆ ಇಳಿದನು. ಆ ಸೀಮೆಯ ಸಿಲ್ಯೂರ್ ಎಂಬ ಪ್ರಾಚೀನ ಜನಾಂಗವನ್ನು ನೆನೆದು ತನ್ನದಕ್ಕೆ ಸಿಲ್ಯೂರಿಯನ್ ಎಂದನು. 1835ರಲ್ಲಿ ಇಬ್ಬರೂ ಕೂಡಿಯೇ ಈ ಹೆಸರುಗಳನ್ನು ವಿದ್ವಾಂಸರ ಮುಂದಿಟ್ಟರು. ಆದರೆ ನಡುವಣ ಕೆಲವು ಸ್ತರಗಳನ್ನು ಇಬ್ಬರೂ ತಮ್ಮವೆಂದರು. ಹೊಲದ ಬದುವಿಗಾಗಿ ದಾಯಾದಿಗಳು ಬೇರೆಯಾಗುವಂತೆ, ಕಲ್ಲಿನ ಬದುವೊಂದಕ್ಕಾಗಿ ಆ ಸ್ನೇಹ ಮುರಿಯಿತು. ಇಬ್ಬರೂ ಗತಿಸಿದ ಬಳಿಕ, 1879ರಲ್ಲಿ, ಚಾರ್ಲ್ಸ್ ಲ್ಯಾಪ್ವರ್ತ್ ಎಂಬ ವಿದ್ವಾಂಸನು ವಿವಾದಗ್ರಸ್ತ ಸ್ತರಗಳ ಜೀವ್ಯವಶೇಷಗಳು ಎರಡಕ್ಕೂ ಸೇರದ ಸ್ವತಂತ್ರ ಗುಂಪೆಂದು ತೋರಿಸಿ, ವೇಲ್ಸಿನದೇ ಮತ್ತೊಂದು ಜನಾಂಗದ ಹೆಸರಿನಿಂದ ಆರ್ಡೊವಿಶಿಯನ್ ಯುಗವನ್ನು ನಿರ್ಮಿಸಿದನು. ಉಳಿದ ಹೆಸರುಗಳಲ್ಲಿಯೂ ನೆಲದ ಗುರುತುಂಟು: ಡೆವೋನಿಯನ್ ಎಂಬುದು ಇಂಗ್ಲೆಂಡಿನ ಡೆವನ್ನಿನಿಂದ, ಪರ್ಮಿಯನ್ ರಷ್ಯದ ಪರ್ಮ್‌ನಿಂದ, ಜುರಾಸಿಕ್ ಜುರಾ ಪರ್ವತದಿಂದ ಬಂದವು, ಕ್ರಿಟೇಶಿಯಸ್ ಸೀಮೆಸುಣ್ಣದಿಂದ.

ಈ ಯುಗಗಳನ್ನು 1841ರಲ್ಲಿ ಪ್ರಾಚೀನಜೀವ, ಮಧ್ಯಜೀವ, ನವಜೀವ ಎಂಬ ಮೂರು ಕಲ್ಪಗಳಲ್ಲಿ ಅಳವಡಿಸಿದವನು ಸ್ಮಿತ್‌ನ ಸೋದರಳಿಯ ಜಾನ್ ಫಿಲಿಪ್ಸ್. ಕಲ್ಪಗಳ ಸಂಧಿಗಳು ಮಹಾಪ್ರಳಯಗಳ ಗುರುತುಗಳೇ ಹೌದು: ಸುಮಾರು 25.2 ಕೋಟಿ ವರ್ಷಗಳ ಹಿಂದೆ ಸಮುದ್ರಜೀವಿಗಳಲ್ಲಿ ಬಹುಪಾಲು ನಾಮಾವಶೇಷವಾದುವು, 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರುಗಳ ಸಂತತಿಯಲ್ಲಿ ಹಕ್ಕಿಗಳ ಹೊರತು ಮಿಕ್ಕೆಲ್ಲವೂ ಅಳಿದುವು. ಜೀವದ ಏರುಪೇರುಗಳನ್ನು ಅನುಸರಿಸಿ ಗೆರೆಯೆಳೆದುದರಿಂದಲೇ ಯುಗಗಳು ಸಮವಾಗಿಲ್ಲ. ಸಿಲ್ಯೂರಿಯನ್ ಎರಡೂವರೆ ಕೋಟಿ ವರ್ಷವನ್ನೂ ಮುಟ್ಟಲಿಲ್ಲ. ಕ್ರಿಟೇಶಿಯಸ್ ಎಂಟು ಕೋಟಿಗೆ ಸಮೀಪಿಸಿತು. ಇನ್ನು ಉಪಯುಗಗಳ ವಿಚಾರದಲ್ಲಿ, ಚಾರ್ಲ್ಸ್ ಲಯಲ್ ಸ್ತರಗಳಲ್ಲಿ ದೊರೆತ ಚಿಪ್ಪುಗಳ ಪೈಕಿ ಇಂದಿಗೂ ಬದುಕಿರುವ ಜಾತಿಗಳೆಷ್ಟೆಂದು ಎಣಿಸಿ, ಆ ಪ್ರಮಾಣವು ಹೆಚ್ಚಿದಂತೆಲ್ಲ ಇಯೊಸೀನ್, ಮಯೊಸೀನ್, ಪ್ಲಿಯೊಸೀನ್ ಎಂದು ಹೆಸರಿಟ್ಟನು.

ವರ್ಷದ ಲೆಕ್ಕ ದೊರೆತುದು ವಿಕಿರಣಶೀಲತೆಯ ಆವಿಷ್ಕಾರದ ಬಳಿಕ. ಯುರೇನಿಯಂ ಒಂದೇ ಗತಿಯಲ್ಲಿ ಕ್ಷಯಿಸುತ್ತ ಸೀಸವಾಗುವುದಾದುದರಿಂದ, ಅದರ ಮುಖ್ಯ ಪ್ರಭೇದವು ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕೆಂದು ತಿಳಿದವನು ಶಿಲೆಯಲ್ಲಿಯ ಸೀಸವನ್ನು ಅಳೆದು ಅದರ ವಯಸ್ಸನ್ನು ಗಣಿಸಬಲ್ಲನು. ಆರ್ಥರ್ ಹೋಮ್ಸ್ ಈ ಗಣನೆಯನ್ನು 1913ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಗಡಿಗಳನ್ನು ಸರ್ವಸಮ್ಮತವಾಗಿ ನಿಗದಿಮಾಡುವ ಕಾರ್ಯ ಈಗಲೂ ನಡೆದಿದೆ. ಅದಕ್ಕೆಂದು ಆರಿಸಿದ ಮೊದಲ ಬಂಡೆ, 1972ರಲ್ಲಿ, ಚೆಕ್ ನಾಡಿನ ಕ್ಲೋಂಕ್ ಎಂಬಲ್ಲಿನದು. 2018ರಲ್ಲಿ ನಮ್ಮ ಮೇಘಾಲಯದ ಮಾವ್‌ಮ್ಲೂ ಗುಹೆಯ ಸುಣ್ಣದ ಕಂಬವೊಂದು 4,200 ವರ್ಷಗಳ ಹಿಂದಿನ ಮಹಾಕ್ಷಾಮದ ಕುರುಹಿನಿಂದ ಮೇಘಾಲಯನ್ ಎಂಬ ಕಾಲಾಂಶಕ್ಕೆ ಆಧಾರವಾಯಿತು.

ಇಷ್ಟೆಲ್ಲ ಹೆಸರುಗಳು ಹಂಚಿಕೊಂಡಿರುವುದು ಕಡೆಯ 54 ಕೋಟಿ ವರ್ಷಗಳನ್ನು ಮಾತ್ರ. ಭೂಮಿಯ ವಯಸ್ಸು ಸುಮಾರು 454 ಕೋಟಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡ ಗೋಪುರವನ್ನು ಹೊತ್ತು ನಿಂತಿರುವ ನೈಸ್ ಶಿಲೆಯ ಬಂಡೆಗೆ ಸುಮಾರು 300 ಕೋಟಿ ವರ್ಷವಾಗಿದೆ. ಅದು ರೂಪುಗೊಂಡಾಗ ಚಿಪ್ಪುಳ್ಳ ಪ್ರಾಣಿಯಾಗಲಿ ಎಲುಬುಳ್ಳ ಪ್ರಾಣಿಯಾಗಲಿ ಎಲ್ಲಿಯೂ ಹುಟ್ಟಿರಲಿಲ್ಲ. ಸ್ಮಿತ್‌ನ ವಿಧಾನವು ಇಂಥ ಶಿಲೆಯ ಮುಂದೆ ಮೂಕವಾಗುವುದು. ಆದುದರಿಂದ ಈ ಬಂಡೆಯು ಸೇರಿದ ಆರ್ಕಿಯನ್ ಮಹಾಕಲ್ಪ ಎಲ್ಲಿಗೆ ಮುಗಿಯಬೇಕೆಂಬುದನ್ನು ಯಾವ ಪದರದಲ್ಲಿಯೂ ಹುಡುಕದೆ, ಇಂದಿಗೆ 250 ಕೋಟಿ ವರ್ಷಗಳ ಹಿಂದೆಂದು ಭೂವಿಜ್ಞಾನಿಗಳು ಅಂಕಿಯಿಂದಲೇ ಗೊತ್ತುಮಾಡಿದರು. ನಮ್ಮ ಪುರಾಣದಲ್ಲಿರುವಂತೆ ಅಲ್ಲಿ ಲೆಕ್ಕವೇ ಮೊದಲು.