ಪ್ರೌಢಶಾಲಾ ತರಗತಿಗಳಲ್ಲಿ ಚಲನಚಿತ್ರ ಪ್ರದರ್ಶನ: ಪೋಷಕರಿಗೆ ಮಾಹಿತಿ

ಪಾಠಕ್ಕೆ ಪೂರಕವಾಗಿ ಚಲನಚಿತ್ರ ತೋರಿಸುವ ಮುನ್ನ ಅದರ ಪ್ರಮಾಣಪತ್ರವನ್ನು ಪರಿಶೀಲಿಸುವುದು ಅಗತ್ಯ.

1. 'ಎ' ವರ್ಗ: 1952ರ ಚಲನಚಿತ್ರ ಅಧಿನಿಯಮದ ಮೇರೆಗೆ ಇದು 18 ವರ್ಷ ತುಂಬಿದವರಿಗೆ ಮಾತ್ರ ಮೀಸಲು. ಚಿತ್ರವು ಎಷ್ಟೇ ಮೌಲ್ಯಯುತವಾಗಿದ್ದರೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ತೋರಿಸುವುದು ಸೂಕ್ತವಲ್ಲ.

2. 'ಯು/ಎ' ವರ್ಗ: 2023ರ ತಿದ್ದುಪಡಿಯನ್ವಯ ಇದನ್ನು 7, 13 ಹಾಗೂ 16 ವರ್ಷ ಮೇಲ್ಪಟ್ಟವರಿಗೆಂದು ವಿಂಗಡಿಸಲಾಗಿದೆ. ಈ ವಯೋಸೂಚನೆಯು ನಿಷೇಧವಲ್ಲ; ಮಗು ನೋಡಬಹುದೇ ಎಂಬ ತೀರ್ಮಾನವು ಪೋಷಕರದು. ಹತ್ತನೇ ತರಗತಿಯಲ್ಲಿಯೂ 16 ವರ್ಷ ತುಂಬದವರು ಅನೇಕರಿರುತ್ತಾರೆ. ಆದುದರಿಂದ ಶಿಕ್ಷಕರು ಚಿತ್ರದ ಹೆಸರು, ವರ್ಗ ಹಾಗೂ ಬೋಧನೆಯ ಉದ್ದೇಶವನ್ನು ಮುಂಚಿತವಾಗಿ ತಿಳಿಸಿ ಪೋಷಕರ ಒಪ್ಪಿಗೆ ಪಡೆಯುವುದು, ಒಪ್ಪದವರ ಮಕ್ಕಳಿಗೆ ಬೇರೆ ಅಭ್ಯಾಸ ನೀಡುವುದು ಉಚಿತ.

ಆಕ್ಷೇಪಣೆಯಿದ್ದಲ್ಲಿ ಹೊನ್ನಾಳಿ ಹಾಗೂ ನ್ಯಾಮತಿ ತಾಲ್ಲೂಕುಗಳ ಪೋಷಕರು ಮೊದಲು ಮುಖ್ಯೋಪಾಧ್ಯಾಯರಿಗೆ, ಅನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದು.